ಬೆಳಗಿನವರೆಗಿನ ಆಟ ರಾತ್ರಿ ಹತ್ತಕ್ಕೆ ಬಂದು ನಿಂತದ್ದು ಹೇಗೆ?

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಹೊನ್ನಾವರದ ಕಡೆ ನಾಲ್ಕು ಜನ ಕಲಾಸಕ್ತರು ಸೇರಿದರೆ ಈಗ ಒಂದು ವಾದ ಎದ್ದೇ ಏಳುತ್ತದೆ. ಯಕ್ಷಗಾನದ ಆಟ ರಾತ್ರಿಯಿಡೀ ಇರಬೇಕೋ, ಮೂರು ತಾಸಿಗೆ ಮುಗಿಯಬೇಕೋ? ಸಂಗೀತ ಕಾರ್ಯಕ್ರಮದಲ್ಲಿ ಸಭೆ ಮೊದಲೋ, ಹಾಡು ಮೊದಲೋ? ಹತ್ತು ಗಂಟೆಗೆ ಮೈಕ್ ಬಂದ್ ಮಾಡಿಸುವುದು ಸರಿಯೋ ತಪ್ಪೋ? ಒಬ್ಬರು ಕಾನೂನನ್ನು ದೂರುತ್ತಾರೆ. ಇನ್ನೊಬ್ಬರು ಟಿವಿ, ಮೊಬೈಲನ್ನು ದೂರುತ್ತಾರೆ. ಮತ್ತೊಬ್ಬರು ಪ್ರೇಕ್ಷಕರಿಗೇ ತಾಳ್ಮೆ ಇಲ್ಲ ಅನ್ನುತ್ತಾರೆ. ವಾದ ಬೆಳೆದೂ ಬೆಳೆದೂ ಎಲ್ಲಿಂದ ಶುರುವಾಯಿತು ಅನ್ನುವುದೇ ಮರೆತುಹೋಗಿದೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಕಾರ್ಯಕ್ರಮಕ್ಕೆ ದುಡ್ಡು ಕೊಡುವವರು ಬದಲಾದಾಗಲೆಲ್ಲ ಕಾರ್ಯಕ್ರಮದ ಹೊತ್ತೂ ಬದಲಾಗಿದೆ.

ಹಳೆಯ ಕಾಲವನ್ನು ಬೇಗ ದಾಟಿಬಿಡೋಣ. 1862ರಲ್ಲಿ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ನಡುವಿನ ತೊಂಬತ್ತು ಚಿಲ್ಲರೆ ವರ್ಷ ಇಲ್ಲಿಯವರ ಓಡಾಟವೆಲ್ಲ ಮುಂಬೈ, ಧಾರವಾಡದ ಕಡೆಗೇ ಇತ್ತು. ಕರಾವಳಿಯಲ್ಲಿದ್ದೂ ಈ ಜಿಲ್ಲೆ ಹಿಂದೂಸ್ತಾನಿ ಸಂಗೀತಕ್ಕೆ ಒಲಿದದ್ದಕ್ಕೆ ಇದೂ ಒಂದು ಕಾರಣ. ಚುಟುಕು ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಶಾಲೆ ತಂದರು. ಕುಮಟಾ, ಕಾರವಾರ, ಶಿರಸಿ, ಹೊನ್ನಾವರ, ಅಂಕೋಲಾಗಳಲ್ಲಿ ಒಂದೊಂದಾಗಿ ಕಾಲೇಜುಗಳು ಬಂದವು. ವಿಶ್ವವಿದ್ಯಾಲಯ ಮಾತ್ರ ಧಾರವಾಡದಲ್ಲೇ ಉಳಿಯಿತು. ಧಾರವಾಡಕ್ಕೆ ಓದಲು ಹೋದ ಹುಡುಗರು ಡಿಗ್ರಿಯ ಜೊತೆ ಬೈಠಕ್‌ನ, ಅಂದರೆ ಎದುರು ಕೂತು ಕೇಳುವ ಸಂಗೀತ ಕೂಟದ ರುಚಿಯನ್ನೂ ಕವಿಗೋಷ್ಠಿಯ ರೂಢಿಯನ್ನೂ ಊರಿಗೆ ತಂದರು. ಪಂಡಿತ ಬಸವರಾಜ ರಾಜಗುರು ಅವರ ಹತ್ತಿರ ಕಲಿತ ಗಾಯಕರಾದ ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆಯವರಂಥವರು ಈ ಜಿಲ್ಲೆಯವರು. ಅಡಿಕೆ ತೋಟದ ಮನೆಗಳ ಜಗಲಿಯಲ್ಲಿ ಅಹೋರಾತ್ರಿ ಸಂಗೀತ ನಡೆಯುವುದು ಇಲ್ಲಿ ವಿಶೇಷದ ಸುದ್ದಿಯೇ ಅಲ್ಲ.

ಯಕ್ಷಗಾನದ ದಾರಿ ಬೇರೆ. ಅದಕ್ಕೆ ಮೊದಲು ದುಡ್ಡು ಕೊಟ್ಟದ್ದು ಹರಕೆ. ಮಗು ಹುಟ್ಟಿದರೆ, ಕಾಯಿಲೆ ವಾಸಿಯಾದರೆ ಒಂದು ಆಟ ಆಡಿಸುತ್ತೇನೆ ಎಂದು ದೇವರ ಮುಂದೆ ಹೇಳಿಕೊಳ್ಳುವುದು. ಹೊನ್ನಾವರ ತಾಲ್ಲೂಕಿನ ಗುಂಡಬಾಳದ ಮುಖ್ಯಪ್ರಾಣ ದೇವಸ್ಥಾನದ ಹರಕೆ ಆಟ ಇದಕ್ಕೆ ಹೆಸರುವಾಸಿ. ದೇವರಿಗೆ ಒಪ್ಪಿಸುವ ಸೇವೆಗೆ ಗಡಿಯಾರ ಯಾರು ನೋಡುತ್ತಾರೆ? ಕತ್ತಲಾದ ಮೇಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಣಪತಿ ಪೂಜೆ. ಆಮೇಲೆ ಕಥೆಗೆ ಮುಂಚಿನ ಪೂರ್ವರಂಗದ ಕುಣಿತ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಅದಾದ ಮೇಲೆ ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗ, ಆಮೇಲೆ ಪ್ರಸಂಗ, ಅಂದರೆ ಕಥೆ. ಬೆಳಕು ಹರಿಯುವಾಗ ಮಂಗಳ. ಇದರಲ್ಲಿ ಭಕ್ತಿಯಷ್ಟೇ ಅನುಕೂಲವೂ ಇತ್ತು. ಗುಡ್ಡ, ಹೊಳೆ ದಾಟಿ ಸೂಡಿ (ಪಂಜು) ಹಿಡಿದು ಬಂದವರು ನಡುರಾತ್ರಿ ಮನೆಗೆ ಹೋಗುವುದು ಹೇಗೆ? ಬೆಳಗಾಗುವ ತನಕ ಕೂರಲೇಬೇಕಿತ್ತು. ರಾತ್ರಿಯಿಡೀ ಆಡುವ ಪದ್ಧತಿಗೆ ಈ ದಾರಿಗಳ ಪಾಲೂ ಇದೆ. ಅದನ್ನು ಬರೀ ಸಂಪ್ರದಾಯ ಎಂದುಕೊಂಡು ವಾದ ಮಾಡುವವರು ಇದನ್ನು ಬಿಟ್ಟುಬಿಡುತ್ತಾರೆ.

ಎರಡನೆಯ ಕಾಲ ಡೇರೆ ಮೇಳಗಳದು, ಅಂದರೆ ಡೇರೆ ಹಾಕಿ ಆಡುವ ತಂಡಗಳದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇವತ್ತಿನ ಚರ್ಚೆಯಲ್ಲಿ ಎಲ್ಲರೂ ಇದನ್ನು ಹಾರಿಸಿಯೇ ಮಾತಾಡುತ್ತಾರೆ.

ಕಳೆದ ಶತಮಾನದ ನಡುವಿನಿಂದ ಕರಾವಳಿಯ ಮೇಳಗಳು ಒಂದೊಂದಾಗಿ ಡೇರೆ ಹಾಕಿ ಟಿಕೆಟ್ ಇಟ್ಟವು. ಭತ್ತ ಕೊಯ್ದ ಗದ್ದೆಯಲ್ಲಿ ಮಧ್ಯಾಹ್ನ ಲಾರಿ ಬಂದು ನಿಲ್ಲುತ್ತಿತ್ತು. ಸಂಜೆಯೊಳಗೆ ಡೇರೆ ಎದ್ದು, ಜನರೇಟರ್ ಗುರುಗುಟ್ಟಲು ಶುರು. ಮೈಕ್ ಕಟ್ಟಿದ ಜೀಪೊಂದು ಸುತ್ತಲಿನ ಕೇರಿಗಳಲ್ಲಿ ತಿರುಗಿ ಪ್ರಸಂಗದ ಹೆಸರು, ವೇಷಧಾರಿಗಳ ಹೆಸರು ಕೂಗುತ್ತಿತ್ತು. ಮುಂದೆ ಆರಾಮ ಕುರ್ಚಿ, ಅದರ ಹಿಂದೆ ಕಬ್ಬಿಣದ ಕುರ್ಚಿ, ಕೊನೆಗೆ ನೆಲ. ನೆಲದ ಟಿಕೆಟಿನವರು ಮನೆಯಿಂದಲೇ ಚಾಪೆ, ಕಂಬಳಿ ತರುತ್ತಿದ್ದರು. ಮಕ್ಕಳನ್ನು ಒಡ್ಡೋಲಗದ ಹೊತ್ತಿಗೇ ಮಲಗಿಸಿ, ರಾಕ್ಷಸ ವೇಷ ಬರುವಾಗ ತಟ್ಟಿ ಎಬ್ಬಿಸುತ್ತಿದ್ದರು. ಡೇರೆಯ ಹೊರಗೆ ಚಾ, ಮಿರ್ಚಿ ಭಜಿ, ಹುರಿದ ಶೇಂಗಾ. ಆಟ ಬಿಟ್ಟ ಮೇಲೆ ಜನ ರಸ್ತೆ ಬದಿಗೆ ಬಂದು ಮೊದಲ ಬಸ್ಸಿಗೆ ಕಾಯುತ್ತಿದ್ದರು. ಬಸ್ಸಿನಲ್ಲಿ ಇಡೀ ಆಟದ ವಿಮರ್ಶೆ ನಡೆಯುತ್ತಿತ್ತು: ಹಾಡುವ ಭಾಗವತರ ಯಾವ ಪದ್ಯ ಎದ್ದಿತು, ವೇಷಧಾರಿಗಳಲ್ಲಿ ಯಾರ ಅರ್ಥ (ಮಾತು) ಬಿದ್ದುಹೋಯಿತು, ಸ್ತ್ರೀವೇಷದವನ ಕುಣಿತ ಹೋದ ವರ್ಷದಷ್ಟು ಆಯಿತೋ ಇಲ್ಲವೋ.

ಶಿರಸಿಯಲ್ಲಿ ಇದಕ್ಕೆ ದೊಡ್ಡ ಸಂದರ್ಭ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ದೇವಿ ಬಿಡಕಿ ಬಯಲಿನ ಗದ್ದುಗೆಗೆ ಬರುವ ಒಂಬತ್ತು ದಿನ, ಯಕ್ಷಗಾನದ ಡೇರೆಯ ಪಕ್ಕದಲ್ಲೇ ವೃತ್ತಿ ನಾಟಕ ಕಂಪನಿಗಳೂ ಬೀಡು ಬಿಡುತ್ತಿದ್ದವು. ಘಟ್ಟದ ಕೆಳಗಿನವರೂ ಮೇಲಿನವರೂ ದುಡ್ಡು ಕೊಟ್ಟು ಕೂತು ನೋಡಿದರು. ಒಂದು ಕಂಪನಿಗೆ ಜಾತ್ರೆಯ ಕಲೆಕ್ಷನ್ ಚೆನ್ನಾಗಿ ಆದರೆ ಮಳೆಗಾಲ ಕಳೆಯುವುದು ಸುಲಭ.

ಆ ಕಾಲ ಬರೀ ಚಿನ್ನವಾಗಿರಲಿಲ್ಲ. ಗಲ್ಲಾಪೆಟ್ಟಿಗೆ ತುಂಬಿಸಲು ಸಿನಿಮಾ ಕಥೆಗಳು ಪ್ರಸಂಗದ ವೇಷ ತೊಟ್ಟು ಬಂದವು. ಪೂರ್ವರಂಗ ಕರಗಿತು. ಒಂದೆರಡು ತಾರೆಗಳ ಹೆಸರಿನ ಮೇಲೆ ಇಡೀ ಮೇಳ ನಿಲ್ಲಬೇಕಾಯಿತು. ಕಲಾವಿದರು ರಾತ್ರಿ ಕುಣಿದು, ಹಗಲು ಲಾರಿ-ವ್ಯಾನಿನಲ್ಲಿ ನಿದ್ದೆಗೆಟ್ಟು ಆರು ತಿಂಗಳು ಕಳೆದರು. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಆಗ ಕಲಾವಿದ ಉತ್ತರ ಕೊಡಬೇಕಾದದ್ದು ಟಿಕೆಟ್ ತೆಗೆದುಕೊಂಡ ಮನುಷ್ಯನಿಗೆ. ರಂಗದ ಮೇಲೆ ಅವನಿಗೂ ವೇಷಕ್ಕೂ ನಡುವೆ ಬೇರೆ ಯಾರೂ ಬಂದು ನಿಲ್ಲುತ್ತಿರಲಿಲ್ಲ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಎಷ್ಟೋ ದಶಕ ಮೊದಲೇ ನೆಲದ ಟಿಕೆಟಿನವರು ಅವರನ್ನು ಎತ್ತಿ ಮೆರೆಸಿದ್ದರು.

ಇದೇ ಹೊತ್ತಿಗೆ ಚಿಕ್ಕ ಅವಧಿಯ ಆಟವೂ ಹುಟ್ಟಿಕೊಂಡಿತು. ಅದು ಸೋಮಾರಿತನದಿಂದ ಹುಟ್ಟಿದ್ದಲ್ಲ. ಶಿವರಾಮ ಕಾರಂತರು ಯಕ್ಷಗಾನವನ್ನು ಒಳಾಂಗಣಕ್ಕೆ ತಂದು ಎರಡು-ಮೂರು ತಾಸಿಗೆ ಬಿಗಿಯಾಗಿ ಕಟ್ಟಿ ತೋರಿಸಿದರು. ಹೊನ್ನಾವರದ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಅವರ ಮಗ ಶಂಭು ಹೆಗಡೆಯವರು ಹೊರನಾಡಿನ ರಂಗಮಂದಿರಗಳವರೆಗೆ ಒಯ್ದರು. 1986ರಲ್ಲಿ ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರವನ್ನೇ ತೆರೆದರು. ಕೆರೆಮನೆಯ ಚಿಕ್ಕ ಆಟ ನೋಡಿದವರಿಗೆ ಗೊತ್ತು, ಅಲ್ಲಿ ಕತ್ತರಿ ಹಾಕಿದವರಿಗೆ ಎಲ್ಲಿ ಕತ್ತರಿಸಬಾರದು ಅನ್ನುವುದು ತಿಳಿದಿತ್ತು. ಕಾಲಮಿತಿ ಅಂದ ಕೂಡಲೇ ಕಲೆ ಕೆಟ್ಟಿತು ಅನ್ನುವವರಿಗೆ ಇಷ್ಟು ಸಾಕಲ್ವಾ?

ಎಂಬತ್ತರ ದಶಕದ ಕೊನೆಗೆ ಟಿವಿ ಮನೆಮನೆಗೆ ಬಂತು. ಬೈಕ್ ಬಂತು, ನಡುರಾತ್ರಿಯೂ ಮನೆ ಸೇರಬಹುದಾಯಿತು. ತೋಟದ ಮನೆಯ ಮಕ್ಕಳು ಬೆಂಗಳೂರಿಗೆ ಹೋದರು. ಡೇರೆಯ ಖರ್ಚು ಏರಿತು, ಟಿಕೆಟಿನ ದುಡ್ಡು ಸಾಲದಾಯಿತು. ಮೇಳಗಳು ಒಂದೊಂದಾಗಿ ಡೇರೆ ಮಡಚಿದವು.

ಆಗ ಬಂದದ್ದು ಮೂರನೆಯ ಕಾಲ, ಪ್ರಾಯೋಜಕರದು. ಸಂಘ-ಸಂಸ್ಥೆ, ಸಹಕಾರಿ ಸಂಘ, ಬ್ಯಾಂಕು, ಮಠ, ಅಭಿಮಾನಿ ಬಳಗ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಬನವಾಸಿಯಲ್ಲಿ ಕದಂಬೋತ್ಸವ, ಕಾರವಾರದ ಕಡಲ ತೀರದಲ್ಲಿ ಕರಾವಳಿ ಉತ್ಸವ. ಪ್ರವೇಶ ಎಲ್ಲಕ್ಕೂ ಉಚಿತ. ಈ ದುಡ್ಡು ಬರದೇ ಹೋಗಿದ್ದರೆ ಎಷ್ಟೋ ಕಲಾವಿದರ ಮನೆಯ ಒಲೆ ಉರಿಯುತ್ತಿರಲಿಲ್ಲ. ಕೊಟ್ಟವರೂ ಪ್ರೀತಿಯಿಂದಲೇ ಕೊಟ್ಟರು. ಆದರೆ ದುಡ್ಡು ಕೊಟ್ಟವರನ್ನು ವೇದಿಕೆಗೆ ಕರೆಯದೇ ಇರಲಾಗುತ್ತದೆಯೇ? ಹೀಗೆ ಸಭಾ ಕಾರ್ಯಕ್ರಮ ಬೆಳೆಯಿತು.

ನಮ್ಮ ಕಡೆಯ ಯಾವುದೇ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಸನ್ಮಾನಿತರು. ಅಭಿನಂದನಾ ನುಡಿ ಆಡುವವರು ಬೇರೆ. ಇವರೆಲ್ಲರ ಹೆಸರು ದಪ್ಪ ಅಕ್ಷರದಲ್ಲಿ. ಕೊನೆಯಲ್ಲಿ, ‘ನಂತರ’ ಎಂಬ ಪದದ ಕೆಳಗೆ, ಗಾಯಕರ ಹೆಸರು. ತಬಲಾ, ಹಾರ್ಮೋನಿಯಂ ಸಾಥಿಯವರದು ಇನ್ನೂ ಸಣ್ಣ ಅಕ್ಷರ. ಸಂಜೆ ಐದಕ್ಕೆ ಅಂತ ಹಾಕಿದ ಸಭೆ ಆರಕ್ಕೆ ಶುರುವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು, ಹಾರ, ಮಾತು, ಮಾತು, ಮಾತು. ಎಂಟಕ್ಕೆ ವಂದನಾರ್ಪಣೆ. ಅಲ್ಲಿಂದ ಕುರ್ಚಿ ಸರಿಸಿ, ಜಮಖಾನ ಹಾಸಿ, ತಂಬೂರಿ ಶ್ರುತಿ ಮಾಡುವಾಗ ಎಂಟೂವರೆ. ಅತಿಥಿಗಳ ಜೊತೆ ಬಂದವರು ಎದ್ದು ಹೋಗಿರುತ್ತಾರೆ. ಹಾಡು ಕೇಳಲೆಂದೇ ಬಂದವರು ಗಡಿಯಾರ ನೋಡಲು ಶುರುಮಾಡಿರುತ್ತಾರೆ.

ಕವಿಗೋಷ್ಠಿಗಳದ್ದೂ ಇದೇ ಪಾಡು. ಉತ್ಸವಗಳಲ್ಲಿ ಅದಕ್ಕೆ ಸಿಗುವುದು ಹೆಚ್ಚಾಗಿ ಊಟದ ನಂತರದ ಬಿಸಿಲ ಹೊತ್ತು. ಒಬ್ಬೊಬ್ಬ ಕವಿಗೆ ಒಂದೇ ಪದ್ಯ, ಅದೂ ಚುಟುಕಾಗಿ. ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲರಂಥ ಸಾಹಿತಿಗಳನ್ನು ಕೊಟ್ಟ ಜಿಲ್ಲೆಯಲ್ಲಿ ಕವಿತೆಯನ್ನು ಹೀಗೆ ಅವಸರದಲ್ಲಿ ಓದಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದರ ಮೇಲೆ ಬಂದು ಕೂತದ್ದು ಕಾನೂನು. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಮಾಡಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ 12 ಗಂಟೆಯವರೆಗೆ ವಿನಾಯಿತಿ ಕೊಡಬಹುದು, ಆದರೆ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಮೇಳದ ತಿರುಗಾಟವೋ, ದೀಪಾವಳಿ ಕಳೆದು ಶುರುವಾದರೆ ಮಳೆಗಾಲದ ತನಕ. ಬಹಳ ವರ್ಷ ಈ ನಿಯಮ ಹೆಚ್ಚುಕಡಿಮೆ ಕಾಗದದಲ್ಲೇ ಇತ್ತು. 2022ರಲ್ಲಿ ರಾಜ್ಯದಲ್ಲಿ ಧ್ವನಿವರ್ಧಕಗಳ ಮೇಲೆ ಬಿಗಿ ಜಾಸ್ತಿಯಾದಾಗ ಎಲ್ಲರಿಗೂ ಬಿಸಿ ತಟ್ಟಿತು. ಮಲಗಿದ ರೋಗಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಈ ನಿಯಮ ಬೇಕು. ಅದನ್ನು ಸುಮ್ನೆ ಬೈದು ಪ್ರಯೋಜನವಿಲ್ಲ.

ಸಭೆ, ಕಾನೂನು ಈ ಎರಡರ ನಡುವೆ ಸಿಕ್ಕಿಕೊಂಡದ್ದು ಕಲೆ. ಹತ್ತಕ್ಕೆ ಮುಗಿಸಬೇಕು, ಎಂಟೂವರೆಯವರೆಗೆ ಸಭೆ. ಉಳಿದದ್ದು ಒಂದೂವರೆ ತಾಸು. ಗಾಯಕರು ಯಮನ್ ಅಥವಾ ಬಿಹಾಗ್ ರಾಗ ಒಂದನ್ನು ಹಾಡಿ, ಒಂದು ವಚನ, ಒಂದು ದಾಸರ ಪದಕ್ಕೆ ಮುಗಿಸುತ್ತಾರೆ. ನಡುರಾತ್ರಿಯ ರಾಗಗಳಾದ ದರ್ಬಾರಿ, ಮಾಲಕಂಸ್‌ಗೆ ಹೊತ್ತೇ ಆಗುವುದಿಲ್ಲ. ಲಲಿತ್, ಭಟಿಯಾರ್‌ನಂಥ ಬೆಳಗಿನ ಜಾವದ ರಾಗಗಳನ್ನು ಎದುರು ಕೂತು ಕೇಳದೇ ಬೆಳೆದ ಒಂದು ತಲೆಮಾರೇ ತಯಾರಾಗುತ್ತಿದೆ. ಆಟದಲ್ಲೂ ಹೀಗೆಯೇ. ಬಾಲಗೋಪಾಲವೂ ಹೋಗುತ್ತದೆ, ಒಡ್ಡೋಲಗವೂ ಹೋಗುತ್ತದೆ. ಪೂರ್ವರಂಗದಲ್ಲಿ ಕಾಲು ಪಳಗಿಸಿಕೊಳ್ಳುತ್ತಿದ್ದ ಹೊಸ ಹುಡುಗರಿಗೆ ಈಗ ನೇರವಾಗಿ ಪ್ರಸಂಗದಲ್ಲೇ ಪಾತ್ರ ಬೇಕು, ಇಲ್ಲದಿದ್ದರೆ ರಂಗವೇ ಇಲ್ಲ. ವೇಷ ಕಟ್ಟಲು ತಾಸುಗಟ್ಟಲೆ ಚೌಕಿಯಲ್ಲಿ ಕೂತವರಿಗೆ ರಂಗದ ಮೇಲೆ ಸಿಗುವುದು ಕೆಲವೇ ನಿಮಿಷ.

ಹಾಗಾದರೆ ದಾರಿ ಇಲ್ಲವೇ? ಇದೆ. ಅದೇ ನಿಯಮ ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗಕ್ಕೆ ವಿನಾಯಿತಿ ಕೊಡುತ್ತದೆ. ಬೆಳಿಗ್ಗೆ ಆರಕ್ಕೆ ಶುರುವಾಗುವ ಬೈಠಕ್‌ಗೆ ಅದು ಅಡ್ಡ ಬರುವುದೇ ಇಲ್ಲ. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ವೇಷ-ಕುಣಿತವಿಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಮಳೆಗಾಲದ ತಾಳಮದ್ದಳೆಗೆ ಮೈಕ್ ಬೇಕೆಂದೇ ಇಲ್ಲ. ಸಭೆಯನ್ನು ಅರ್ಧ ತಾಸಿಗೆ ಇಳಿಸುವುದು, ಸನ್ಮಾನವನ್ನು ಮಧ್ಯಂತರದಲ್ಲಿ ಮಾಡುವುದು ಸಂಘಟಕರ ಕೈಯಲ್ಲೇ ಇರುವ ಕೆಲಸ. ಅದಕ್ಕೆ ಯಾವ ಅನುಮತಿಯೂ ಬೇಡ.

ಕೊನೆಗೆ ಉಳಿಯುವುದು ಟಿಕೆಟಿನ ಪ್ರಶ್ನೆ. ಟಿಕೆಟ್ ಇಟ್ಟರೆ ಯಾರು ಬರುತ್ತಾರೆ ಎಂದು ಸಂಘಟಕರು ಹೆದರುತ್ತಾರೆ. ಆದರೆ ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಿಂದ ನೀನಾಸಮ್ ರಂಗಸಂಸ್ಥೆಯ ತಿರುಗಾಟ 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಊರಿನ ಸಂಘಟಕರು ಮನೆಮನೆಗೆ ಹೋಗಿ ಟಿಕೆಟ್ ಮಾರುತ್ತಾರೆ, ಜನ ಕೊಂಡು ಬಂದು ನೋಡುತ್ತಾರೆ. ನಮ್ಮ ಜಿಲ್ಲೆಯ ಸಂಗೀತಕ್ಕೂ ಆಟಕ್ಕೂ ಅದನ್ನು ಮತ್ತೆ ಪ್ರಯತ್ನಿಸಬಹುದು. ಪೂರ್ತಿ ಖರ್ಚು ಟಿಕೆಟಿನಿಂದ ಹುಟ್ಟಬೇಕೆಂದಿಲ್ಲ. ಕಾಲುಭಾಗ ಹುಟ್ಟಿದರೂ ವೇದಿಕೆಯ ಮೇಲೆ ಎರಡು ಕುರ್ಚಿ ಕಡಿಮೆ ಇಡಬಹುದು, ಗಾಯಕರಿಗೆ ಅರ್ಧ ತಾಸು ಜಾಸ್ತಿ ಕೊಡಬಹುದು.