ಮೇಲೇರಿಸುವ ಮೊದಲು ಇಳಿಸುವ ಲೆಕ್ಕ

ತೀರ್ಥಹಳ್ಳಿ, ಹೊಸನಗರದ ಕಡೆಯ ಗದ್ದೆ ಬಯಲುಗಳು ಉದ್ದಕ್ಕೆ ಎಷ್ಟು ದೂರ ಹೋದರೂ ಅಗಲ ಕಡಿಮೆ. ಎರಡೂ ಪಕ್ಕ ಗುಡ್ಡ, ಗುಡ್ಡದ ಬುಡಕ್ಕೆ ಅಡಿಕೆ ತೋಟ. ಜನವರಿಯಲ್ಲಿ ಕೊಯ್ಲು ಮುಗಿದ ಮೇಲೆ ಮಾದರಿ ರಾಕೆಟ್ ಹಾರಿಸಲು ಇಲ್ಲಿ ಜಾಗವೇನೋ ಸಿಗುತ್ತದೆ. ಆದರೆ ಕಿಟ್‌ಗೆ ದೊಡ್ಡ ಮೋಟರ್, ಅಂದರೆ ರಾಕೆಟ್ಟನ್ನು ನೂಕುವ ಮದ್ದಿನ ಕೊಳವೆ, ಹಾಕಬೇಕೆನ್ನುವವರು ಮೊದಲು ಅಳೆಯಬೇಕಾದದ್ದು ಈ ಅಗಲವನ್ನೇ. ಮೋಟರಿನ ಆಯ್ಕೆ ಆಮೇಲಿನದು.

ಉದಾಹರಣೆಗೆ ಒಂದು ಸಾಮಾನ್ಯ ಕಿಟ್ ತೆಗೆದುಕೊಳ್ಳೋಣ. 60 ಸೆಂ.ಮೀ. ಉದ್ದ, 34 ಮಿ.ಮೀ. ದಪ್ಪದ ಕಾಗದದ ಕೊಳವೆ, ಮೋಟರ್ ಬಿಟ್ಟು 70 ಗ್ರಾಂ ತೂಕ, 30 ಸೆಂ.ಮೀ. ವ್ಯಾಸದ ಪ್ಲಾಸ್ಟಿಕ್ ಪ್ಯಾರಾಚೂಟ್. ಇದಕ್ಕೆ ಹೇಳಿರುವುದು 18 ಮಿ.ಮೀ. ದಪ್ಪದ ಸಿ6-5 ಮೋಟರ್. ಅಕ್ಷರ ಮೋಟರಿನ ಒಟ್ಟು ನೂಕಿನ (ಬಲ ಗುಣಿಸು ಸಮಯ) ವರ್ಗವನ್ನು ಹೇಳುತ್ತದೆ: ಸಿ ಎಂದರೆ 5ರಿಂದ 10 ನ್ಯೂಟನ್-ಸೆಕೆಂಡ್, ಡಿ ಎಂದರೆ 10ರಿಂದ 20. ಒಂದು ಅಕ್ಷರ ಮುಂದೆ ಹೋದರೆ ಮಿತಿ ಎರಡು ಪಟ್ಟಾಗುತ್ತದೆ. ಮೊದಲ ಅಂಕಿ ಸರಾಸರಿ ನೂಕುಬಲ, ನ್ಯೂಟನ್ ಲೆಕ್ಕದಲ್ಲಿ. ಕೊನೆಯದು ಉರಿ ಮುಗಿದ ಮೇಲೆ ಪ್ಯಾರಾಚೂಟನ್ನು ಹೊರದೂಡುವ ಮದ್ದು ಸಿಡಿಯುವವರೆಗಿನ ಸೆಕೆಂಡುಗಳು.

ಇದೇ ಕಿಟ್‌ಗೆ 24 ಮಿ.ಮೀ. ದಪ್ಪದ ಡಿ12-5 ಹಾಕಬೇಕೆಂದರೆ ಒಳಗಿನ ಮೋಟರ್ ಗೂಡನ್ನು ಬದಲಿಸಬೇಕು. ಎರಡೂ ಮೋಟರಿನ ಉದ್ದ 70 ಮಿ.ಮೀ., ಹಾಗಾಗಿ ಮೋಟರನ್ನು ಹಿಡಿದಿಡುವ ಕೊಕ್ಕೆಯ ಉದ್ದ ಅದೇ ಸಾಕು. ಹಳೆಯ ಗೂಡು ಅಂಟಿಯಾಗಿದ್ದರೆ ಕೀಳಲು ಹೋಗಬೇಡಿ, ಕೊಳವೆಯ ಒಳಪದರ ಹರಿದು ಬರುತ್ತದೆ. ಮಾರ್ಪಾಡು ಮಾಡುವುದಿದ್ದರೆ ಜೋಡಿಸುವಾಗಲೇ ಮಾಡಬೇಕು. ಹೊಸ ಗೂಡಿಗೆ 24 ಮಿ.ಮೀ. ಮೋಟರ್ ಸಲೀಸಾಗಿ ಜಾರುವ ಕೊಳವೆ, ಅದನ್ನು ನಡುವೆ ನಿಲ್ಲಿಸಲು ದಪ್ಪ ರಟ್ಟಿನ ಎರಡು ಬಳೆ, ಮುಂದಕ್ಕೆ ನುಗ್ಗದಂತೆ ಒಂದು ತಡೆಬಳೆ ಬೇಕು. ಬಿಳಿ ಮರದಂಟು ಹಚ್ಚಿ ತಳ್ಳುವಾಗ ಒಂದೇ ಉಸಿರಿಗೆ ತಳ್ಳಿ. ಮಧ್ಯೆ ನಿಲ್ಲಿಸಿದರೆ ಕಾಗದ ನೀರು ಹೀರಿ ಊದಿ, ಗೂಡು ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ರೆಕ್ಕೆಗಳ ಬುಡಕ್ಕೆ ಅಂಟಿನ ಏರಿಯನ್ನು ಎರಡು ಸಲ ಕಟ್ಟಿ. ಬಾಲ್ಸಾ ಮರದ ಎಳೆ ರೆಕ್ಕೆಯ ಮುಂದಿನ ಅಂಚಿಗೆ ಸಮಾನಾಂತರವಾಗಿರಲಿ. ಇಲ್ಲದಿದ್ದರೆ ಡಿ ಮೋಟರಿನ ವೇಗಕ್ಕೆ ರೆಕ್ಕೆ ಕಂಪಿಸಿ ಸೀಳುತ್ತದೆ.

ಕಷ್ಟ ಇರುವುದು ತೂಕದಲ್ಲಿ. ಸಿ6 ಸುಮಾರು 24 ಗ್ರಾಂ, ಡಿ12 ಸುಮಾರು 43 ಗ್ರಾಂ. ಗೂಡಿನ ಹೆಚ್ಚುವರಿ ತೂಕವೂ ಸೇರಿ 25 ಗ್ರಾಂ ಬಾಲಕ್ಕೇ ಕೂಡುತ್ತದೆ. ಖಾಲಿ ರಾಕೆಟ್ಟಿನ ಗುರುತ್ವ ಕೇಂದ್ರ ಮೂತಿಯಿಂದ 33 ಸೆಂ.ಮೀ.ನಲ್ಲಿದ್ದರೆ, ಸಿ6 ಹಾಕಿದಾಗ ಅದು 39ಕ್ಕೆ, ಡಿ12 ಹಾಕಿದಾಗ 42.7ಕ್ಕೆ ಜಾರುತ್ತದೆ. ಗಾಳಿಯ ಬಲವೆಲ್ಲ ಒಟ್ಟಾಗಿ ತಾಗುವ ಒತ್ತಡ ಕೇಂದ್ರ 45ರಲ್ಲಿದೆ ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರ ಅದಕ್ಕಿಂತ ಕನಿಷ್ಠ ಒಂದು ಕೊಳವೆ ದಪ್ಪದಷ್ಟು, ಇಲ್ಲಿ 3.4 ಸೆಂ.ಮೀ., ಮುಂದಿರಬೇಕು. ಮೊದಲು ಅಂತರ 6 ಸೆಂ.ಮೀ. ಇತ್ತು, ಈಗ ಬರೀ 2.3. ಇಂಥ ರಾಕೆಟ್ ಹಾರುವಾಗ ನೆಟ್ಟಗೆ ಹಿಡಿದಿಡುವ ಕಂಬಿಯನ್ನು ಬಿಟ್ಟ ಕೂಡಲೇ ಬಾಲ ತಿರುಗಿಸಿ ಎತ್ತ ಬೇಕಾದರೂ ನುಗ್ಗಬಹುದು, ನಿಂತು ನೋಡುವವರ ಕಡೆಗೂ.

ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಹೊರಬಂದವಲ್ಲ, ಅವು 23ರಿಂದ 26 ಸೆಂ.ಮೀ. ಉದ್ದದ ಕಬ್ಬಿಣದ ಕೊಳವೆಗಳು. ರೆಕ್ಕೆ ಇಲ್ಲ. ಇಂಥವಕ್ಕೆ ಉದ್ದನೆಯ ಬಿದಿರು ಕಟ್ಟಿ ಹಾರಿಸುತ್ತಿದ್ದರು. ನಮ್ಮ ರೆಕ್ಕೆಗಳ ಕೆಲಸವನ್ನು ಅಲ್ಲಿ ಬಿದಿರಿನ ಬಾಲ ಮಾಡುತ್ತಿತ್ತು. ಮರಳಿ ಇಳಿಸುವ ಚಿಂತೆ ಮಾತ್ರ ಅವರಿಗಿರಲಿಲ್ಲ.

ನಮ್ಮ ಉದಾಹರಣೆಗೆ ಪರಿಹಾರ ಮೂತಿಯೊಳಗೆ 8 ಗ್ರಾಂ. ಮೂತಿಯ ತುದಿಯಿಂದ 5 ಸೆಂ.ಮೀ. ಒಳಗೆ ಮಾಡೆಲಿಂಗ್ ಮಣ್ಣನ್ನು ಒತ್ತಿ, ಮೇಲೆ ಎಪಾಕ್ಸಿ ಸುರಿದು ಕೂರಿಸಿ. ಗುರುತ್ವ ಕೇಂದ್ರ 40.3ಕ್ಕೆ ಬಂದು ಅಂತರ 4.7 ಸೆಂ.ಮೀ. ಆಗುತ್ತದೆ. ಮಣ್ಣನ್ನು ಹಾಗೇ ಬಿಟ್ಟರೆ ಹೊರದೂಡುವ ಏಟಿಗೆ ಕಳಚಿ ಬರುತ್ತದೆ. ಲೆಕ್ಕವನ್ನು ಕಣ್ಣಾರೆ ನೋಡಬೇಕೆಂದರೆ, ಮೋಟರಿನಷ್ಟೇ ತೂಕದ ತುಂಡನ್ನು ಗೂಡಿಗೆ ಹಾಕಿ, ಪ್ಯಾರಾಚೂಟ್ ಮಡಚಿಟ್ಟು, ಗುರುತ್ವ ಕೇಂದ್ರಕ್ಕೆ ಎರಡೂವರೆ ಮೀಟರ್ ದಾರ ಕಟ್ಟಿ ತಲೆಯ ಮೇಲೆ ಸುತ್ತಿಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡಡ್ಡ ಬಂದರೆ ಇನ್ನೂ ತೂಕ ಬೇಕು.

ಈಗ ಹೊರಡುವ ತೂಕ 130 ಗ್ರಾಂ ಹತ್ತಿರ. ಡಿ12-5ಕ್ಕೆ ತಯಾರಕರು ಕೊಟ್ಟ ಗರಿಷ್ಠ ಮಿತಿ 283 ಗ್ರಾಂ, ಹಾಗಾಗಿ ಅಡ್ಡಿಯಿಲ್ಲ. ಸಿ6-5ರ ಮಿತಿ 113. ಮಾರ್ಪಡಿಸಿದ ರಾಕೆಟ್ಟಿಗೆ ಅಡಾಪ್ಟರ್ ಹಾಕಿ ಮತ್ತೆ ಸಿ6-5 ತುರುಕಿದರೆ ತೂಕ ಆ ಗಡಿಗೇ ತಾಗುತ್ತದೆ, ಮಾಡಬೇಡಿ. 3 ಮಿ.ಮೀ. ಕಂಬಿ ಈ ತೂಕಕ್ಕೆ ಬಳುಕುತ್ತದೆ, 5 ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ಉಕ್ಕಿನ ಕಂಬಿ ಹಾಕಿ, ಕಂಬಿ ತೂರುವ, ರಾಕೆಟ್ಟಿನ ಪಕ್ಕದ ನಳಿಗೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿ.

ಇನ್ನು ಇಳಿಯುವುದು. ಮದ್ದು ಉರಿದ ಮೇಲೆ ಉಳಿಯುವುದು 110 ಗ್ರಾಂ. ಶಿವಮೊಗ್ಗದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕಿಲೋ. ಈ ಲೆಕ್ಕದಲ್ಲಿ 30 ಸೆಂ.ಮೀ. ಪ್ಯಾರಾಚೂಟಿನಲ್ಲಿ ರಾಕೆಟ್ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯುತ್ತದೆ, 45 ಸೆಂ.ಮೀ.ನದಾದರೆ 4 ಮೀಟರ್. ಒಣಗಿ ಬಿರಿದ ಗದ್ದೆಗೆ 6 ಮೀಟರ್ ವೇಗದಲ್ಲಿ ಬಿದ್ದರೆ ಮೊದಲು ಮುರಿಯುವುದು ರೆಕ್ಕೆ. ಆದರೆ 300 ಮೀಟರ್ ಎತ್ತರದಿಂದ 4ರ ವೇಗದಲ್ಲಿ ಇಳಿಯಲು 75 ಸೆಕೆಂಡ್ ಬೇಕು. ಸೆಕೆಂಡಿಗೆ 3 ಮೀಟರಿನ ತಂಗಾಳಿಯೂ ಅಷ್ಟರಲ್ಲಿ ಅದನ್ನು 225 ಮೀಟರ್ ಒಯ್ದಿರುತ್ತದೆ. ಅಂದರೆ ತೋಟದೊಳಕ್ಕೆ. ಆದ್ದರಿಂದ ಅಗಲ ಕಿರಿದಾದ ಬಯಲಲ್ಲಿ ಡಿ ಮೋಟರ್ ಬೇಡವೇ ಬೇಡ. ಅಲ್ಲಿ ಸಿ ಹಾರಿಸುವುದೇ ವಿವೇಕ. ವಿಶಾಲ ಬಯಲು ಸಿಕ್ಕರೆ 40 ಸೆಂ.ಮೀ. ಪ್ಯಾರಾಚೂಟ್ ಹದವಾದ ಆಯ್ಕೆ. ಗಾಳಿ ಎದ್ದರೆ ಅದರ ದಾರಗಳನ್ನೆಲ್ಲ ಅರ್ಧದಲ್ಲಿ ಒಟ್ಟುಗೂಡಿಸಿ ಟೇಪ್ ಸುತ್ತಿ. ಛತ್ರಿ ಪೂರ್ತಿ ಬಿಚ್ಚಿಕೊಳ್ಳದೆ ಬೇಗ ಇಳಿಯುತ್ತದೆ. ದಾರ ಹೊಸೆದುಕೊಳ್ಳದಂತೆ ಗಾಳ ಮಾರುವ ಅಂಗಡಿಯ ತಿರುಗುಕೊಂಡಿಯೊಂದನ್ನು ನಡುವೆ ಹಾಕಿ.

ಮೂತಿಯನ್ನೂ ಕೊಳವೆಯನ್ನೂ ಜೋಡಿಸುವ ದಾರವೇ ಹೆಚ್ಚಿನ ಕಿಟ್‌ಗಳ ದುರ್ಬಲ ಭಾಗ. ಕೊಡುವುದು ಒಂದು ಗೇಣಿನ ರಬ್ಬರ್ ಪಟ್ಟಿ, ಬಾಯಿಯ ಹತ್ತಿರ ಕಾಗದದ ಮಡಿಕೆಯಲ್ಲಿ ಅಂಟಿಸಿರುತ್ತದೆ. ನಾಲ್ಕೈದು ಹಾರಾಟಕ್ಕೆ ಸುಟ್ಟು ಗಡುಸಾಗಿ ತುಂಡಾಗುತ್ತದೆ. ಬದಲಿಗೆ ಬಿಸಿ ತಾಳುವ ಕೆವ್ಲಾರ್ ದಾರವನ್ನು ಮೋಟರ್ ಗೂಡಿಗೇ ಕಟ್ಟಿ, ಅದರ ತುದಿಗೆ ಚಡ್ಡಿಗೆ ಹಾಕುವಂಥ ಚಪ್ಪಟೆ ಎಲಾಸ್ಟಿಕ್ ಕಟ್ಟಿ. ಎರಡೂ ಸೇರಿ ರಾಕೆಟ್ಟಿನ ಮೂರು ಪಟ್ಟು ಉದ್ದವಿರಲಿ. ಕೆವ್ಲಾರ್ ಕೊಳವೆಯ ಬಾಯಿಗಿಂತ ಒಳಗೇ ಮುಗಿಯಬೇಕು. ಹೊರಗೆ ಬಂದರೆ ಆ ಸಪೂರ ದಾರ ಬಿಗಿದಾಗ ಗರಗಸದಂತೆ ಕಾಗದವನ್ನು ಮೇಲಿಂದ ಕೆಳಕ್ಕೆ ಸೀಳಿಬಿಡುತ್ತದೆ.

ಮಲೆನಾಡಿನ ತೇವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಯಲ್ಲಿ ಸಲೀಸಾಗಿದ್ದ ಮೂತಿ ಮಂಜಿನ ಬೆಳಗಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಸಿಡಿತದ ಒತ್ತಡ ಮೂತಿಯನ್ನು ತಳ್ಳಲಾಗದೆ ಮೋಟರನ್ನೇ ಹಿಂದಕ್ಕೆ ಉಗುಳುತ್ತದೆ, ರಾಕೆಟ್ ಈಟಿಯಂತೆ ಇಳಿಯುತ್ತದೆ. ಕೊಳವೆಯ ಬಾಯಿಯ ಒಳಗೆ ಎರಡು ಸೆಂ.ಮೀ. ಆಳಕ್ಕೆ ತೆಳು ವಾರ್ನಿಷ್ ಹಚ್ಚಿ, ಒಣಗಿದ ಮೇಲೆ ನುಣುಪು ಕಾಗದದಿಂದ ಉಜ್ಜಿ. ಮೂತಿ ಹಿಡಿದು ಎತ್ತಿದರೆ ರಾಕೆಟ್ ಕಳಚಬಾರದು, ಮೆಲ್ಲಗೆ ಅಲುಗಿಸಿದರೆ ಜಾರಬೇಕು. ಪ್ಯಾರಾಚೂಟನ್ನು ಹಿಂದಿನ ರಾತ್ರಿ ಮಡಚಿಡಬೇಡಿ. ಪದರಗಳು ಅಂಟಿಕೊಂಡು ಕೋಲಿನಂತೆ ಬೀಳುತ್ತದೆ. ಹಾರಿಸುವ ಮುಂಚೆ ಟಾಲ್ಕಂ ಪೌಡರ್ ಉದುರಿಸಿ ಮಡಚಿ. ಅದರ ಕೆಳಗೆ ಬೆಂಕಿ ತಾಳುವ ಕಾಗದವನ್ನು ಎರಡು ಕೊಳವೆ ದಪ್ಪದಷ್ಟು ಆಳಕ್ಕೆ ಸಡಿಲವಾಗಿ ತುಂಬಿ. ಹತ್ತಿಯೋ ಟಿಶ್ಯೂ ಪೇಪರೋ ಬೇಡ. ಅವು ಕೆಂಡವಾಗಿ ಹೊರಬೀಳುತ್ತವೆ, ಬ್ಯಾಣದ ಒಣಹುಲ್ಲಿಗೆ ಅಷ್ಟೇ ಸಾಕು. ಕಂಬಿಯ ಸುತ್ತ ಹುಲ್ಲು, ದರಗು ಗುಡಿಸಿ, ನೆಲಕ್ಕೆ ನೀರು ಚಿಮುಕಿಸಿ, ಒಂದು ಕೊಡ ನೀರು ಪಕ್ಕದಲ್ಲಿಡಿ.

ಮೋಟರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ಕಾದು ತಣಿಯುವಾಗ ಒತ್ತಿದ ಮದ್ದು ಬಿರುಕು ಬಿಡುತ್ತದೆ. ಬಿರುಕಿನೊಳಗೂ ಬೆಂಕಿ ಹೊಕ್ಕರೆ ಉರಿಯುವ ಮೇಲ್ಮೈ ಒಮ್ಮೆಲೇ ಹೆಚ್ಚಿ ಕವಚ ಒಡೆಯುತ್ತದೆ. ಪಟಾಕಿ ಮದ್ದಿನಿಂದ ಮೋಟರ್ ಮಾಡುವ ಯೋಚನೆಯನ್ನು ಇದೇ ಕಾರಣಕ್ಕೆ ಪೂರ್ತಿ ಬಿಟ್ಟುಬಿಡಿ. ಕಾರ್ಖಾನೆಯ ಮೋಟರಿನಲ್ಲಿರುವುದೂ ಕರಿಮದ್ದೇ. ಅದು ಸ್ಫೋಟಕಗಳ ಕಾನೂನಿನ ವ್ಯಾಪ್ತಿಯ ವಸ್ತುವಾದ್ದರಿಂದ ಪರವಾನಗಿ ಇರುವ ದಾರಿಯಲ್ಲಿ ಮಾತ್ರ ಪಡೆದು, ಸ್ಥಳೀಯ ಅನುಮತಿಯೊಂದಿಗೆ ಹಾರಿಸಬೇಕು. 2023ರಿಂದ ಸೋಗಾನೆಯಲ್ಲಿ ವಿಮಾನ ಇಳಿಯುತ್ತಿರುವುದರಿಂದ ಶಿವಮೊಗ್ಗದ ಆಸುಪಾಸು ಈ ಹವ್ಯಾಸಕ್ಕೆ ತಕ್ಕ ಜಾಗವಲ್ಲ. ಡಿ ಮೋಟರಿಗೆ ಕನಿಷ್ಠ 5 ಮೀಟರ್ ದೂರದಿಂದ, ಬ್ಯಾಟರಿ ಮತ್ತು ತಂತಿಯಿಂದಲೇ ಹೊತ್ತಿಸಿ. ಹೊತ್ತದಿದ್ದರೆ ಹೊತ್ತಿಸುವ ಪೆಟ್ಟಿಗೆಯ ಕೀಲಿ ತೆಗೆದು ಪೂರ್ತಿ ಒಂದು ನಿಮಿಷ ಕಾಯಿರಿ.

ಇಷ್ಟಾದರೂ ಒಂದಲ್ಲ ಒಂದು ದಿನ ರಾಕೆಟ್ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಅಡಿಕೆ ಮರದಿಂದಾದರೆ ಕೊನೆ ಕೊಯ್ಯುವವರು ದೋಟಿಯಲ್ಲಿ ಬಿಡಿಸಿ ಕೊಡುತ್ತಾರೆ. ಆದರೆ ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ಬಿದ್ದಿದ್ದರೆ ಅದರ ಆಸೆ ಬಿಡಿ. ಈಗಿನ ಹಗುರ ದೋಟಿಗಳು ಕಾರ್ಬನ್ ಫೈಬರಿನವು, ಅವು ವಿದ್ಯುತ್ತನ್ನು ಹರಿಯಗೊಡುತ್ತವೆ. ತಂತಿಗೆ ತಾಗಿದರೆ ಹಿಡಿದವರ ಜೀವ ಹೋಗುತ್ತದೆ. ವಿದ್ಯುತ್ ಇಲಾಖೆಗೆ ಫೋನ್ ಮಾಡಿ ತಿಳಿಸಿ, ಅವರು ಲೈನ್ ಬಂದ್ ಮಾಡಿ ತೆಗೆಯುವವರೆಗೆ ಯಾರೂ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.