‘ಹುಡುಗಿ ಫೋಟೊ ಕಳಿಸಿ’ ಅನ್ನುವ ಮಾತಿನ ಹಿಂದೆ

ತುಮಕೂರಿನಲ್ಲಿ ನನಗೆ ಗೊತ್ತಿರುವ ಕಾಲೇಜು ಹುಡುಗಿಯರ ವಾಟ್ಸಾಪ್ ಡಿಪಿ ನೋಡಿದರೆ ಮುಖವೇ ಸಿಗುವುದಿಲ್ಲ. ಗುಲಾಬಿ ಹೂ, ಸಿದ್ಧಗಂಗೆ ಸ್ವಾಮೀಜಿ, ಅಕ್ಕನ ಮಗು. ಯಾಕಮ್ಮ ಅಂತ ಕೇಳಿದರೆ ‘ಸುಮ್ನೆ’ ಅನ್ನುತ್ತಾರೆ. ಅದೇ ಹುಡುಗಿಗೆ ಗಂಡು ಹುಡುಕಲು ಶುರು ಮಾಡಿದ ದಿನ ಮನೆಯವರೇ ಅವಳ ನಾಲ್ಕು ಫೋಟೊ ಆರಿಸಿ ಬ್ರೋಕರ್‌ಗೆ ಕಳಿಸುತ್ತಾರೆ. ಅಲ್ಲಿಂದ ಅದು ಎಷ್ಟು ಮೊಬೈಲಿಗೆ ಹೋಯಿತು ಅಂತ ಯಾರೂ ಲೆಕ್ಕ ಇಡುವುದಿಲ್ಲ. ತಾನಾಗಿ ಮುಖ ತೋರಿಸಿದರೆ ತಪ್ಪು, ಮನೆಯವರು ತೋರಿಸಿದರೆ ಸರಿ. ಈ ಗೋಜಲು ಮೊಬೈಲಿಗಿಂತ ತುಂಬಾ ಹಳೆಯದು.

ಫೋಟೊ ತೆಗೆಯುವ ವಿದ್ಯೆ 1839ರಲ್ಲಿ ಪ್ಯಾರಿಸ್‌ನಲ್ಲಿ ಬಹಿರಂಗವಾಯಿತು. ಮೂವತ್ತು ವರ್ಷದೊಳಗೆ ಅದು ಜನರನ್ನು ಅಳೆಯುವ ಕೋಲಾಗಿತ್ತು. 1868ರಿಂದ 1875ರವರೆಗೆ ಭಾರತದ ಜನರನ್ನು ಜಾತಿ, ಬುಡಕಟ್ಟುಗಳಾಗಿ ವಿಂಗಡಿಸಿದ ಚಿತ್ರಗಳ 8 ಸಂಪುಟಗಳು ಅಚ್ಚಾದವು. 1869ರಲ್ಲಿ ಲ್ಯಾಂಪ್ರಿ ಎಂಬ ಇಂಗ್ಲಿಷರವನು ಮರದ ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ ಎರಡೆರಡು ಇಂಚಿನ ಚೌಕ ಮಾಡಿದ. ಅದರ ಮುಂದೆ ಬಟ್ಟೆ ತೆಗೆಸಿ ನಿಲ್ಲಿಸಿದರೆ ಮೈಯ ಅಳತೆ ಸಿಗುತ್ತಿತ್ತು. ಅನುಕೂಲಸ್ಥರ ಮನೆಯ ಹೆಂಗಸರಿಗೆ ಬೇರೆಯೇ ಏರ್ಪಾಟು. 1892ರಲ್ಲಿ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಹೈದರಾಬಾದಿನಲ್ಲಿ ಅವರಿಗೆಂದೇ ಸ್ಟುಡಿಯೊ ತೆರೆದರು. ಗೋಡೆ ಎತ್ತರ, ಫೋಟೊ ತೆಗೆಯುವವರೂ ಹೆಂಗಸೇ.

ನಮ್ಮ ಕಡೆ ಮನೆ ಹೆಂಗಸರನ್ನೂ ನಾಟಕದ ಹೆಂಗಸರನ್ನೂ ಬೇರೆ ಮಾಡುವ ಇನ್ನೊಂದು ಗೆರೆಯೂ ಇತ್ತು. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಮುಂದೆ ಬಿ. ಜಯಮ್ಮನಂಥ ನಟಿಯರು ಅಲ್ಲಿಂದಲೇ ಹೆಸರಾದರು. ಅವರ ನಾಟಕಕ್ಕೆ ಊರೆಲ್ಲ ಹೋಗುತ್ತಿತ್ತು. ಆದರೆ ನಮ್ಮಜ್ಜಿ ಫೋಟೊ ತೆಗೆಸಲು ಹೊರಟ ಹುಡುಗಿಯರಿಗೆಲ್ಲ ‘ನಾಟಕದವರ ಥರ ಹಲ್ಲು ಬಿಡಬೇಡ್ರೇ’ ಅಂತ ಹೇಳಿ ಕಳಿಸುತ್ತಿದ್ದರು.

ನನಗೆ ಚೆನ್ನಾಗಿ ಗೊತ್ತಿರುವುದು ಸ್ಟುಡಿಯೊ ಕಾಲ. 1986ರಲ್ಲಿ ನಮ್ಮಕ್ಕನನ್ನು ಗುಬ್ಬಿಯಿಂದ ತುಮಕೂರಿನ ಒಂದು ಸ್ಟುಡಿಯೊಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಅಮ್ಮನ ರೇಷ್ಮೆ ಸೀರೆ, ಅತ್ತೆಯಿಂದ ಇಸ್ಕೊಂಡ ಸರ. ಒಂದು ಫುಲ್ ಸೈಜ್ ಫೋಟೊ, ಒಂದು ಮುಖದ್ದು. ಫುಲ್ ಸೈಜ್ ಎತ್ತರ ತಿಳಿಯಲಿ ಅಂತ. ಜಡೆ ಮುಂದಕ್ಕೆ ಹಾಕಿಸಿದ್ದು ಉದ್ದ ಕಾಣಲಿ ಅಂತ. ಅಕ್ಕ ಬಸ್ಸಿಳಿದ ಮೇಲೂ ಒಮ್ಮೆ ಪೌಡರ್ ಹಚ್ಚಿಕೊಂಡಳು.

ಆ ಕಾಲದಲ್ಲಿ ಹುಡುಗಿ ಫೋಟೊಗೆ ಟಚಿಂಗ್ ಅಂತ ಒಂದು ಕೆಲಸ ಇರುತ್ತಿತ್ತು. ನೆಗೆಟಿವ್‌ನಲ್ಲಿ ಎಲ್ಲಾ ಉಲ್ಟಾ, ಅಲ್ಲಿ ಕಪ್ಪಾಗಿದ್ದದ್ದು ಪ್ರಿಂಟ್‌ನಲ್ಲಿ ಬಿಳಿ. ಹಾಗಾಗಿ ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್‌ನ ಕೆನ್ನೆಯ ಮೇಲೆ ಸಣ್ಣ ಸಣ್ಣ ಗೀರು ಎಳೆಯುತ್ತಿದ್ದರು. ಪ್ರಿಂಟ್ ಹಾಕಿದಾಗ ಮೊಡವೆ ಗುರುತು ಮಾಯ, ಕೆನ್ನೆ ಬೆಳ್ಳಗೆ. ಹುಡುಗಿಯನ್ನು ಕೇಳಿ ಮಾಡುವ ಪದ್ಧತಿ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತೇ ಇರಲಿಲ್ಲ.

ತಿಪಟೂರು ಕಡೆಯವರು ನೋಡಲು ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಎದ್ದು ಹೊರಡುವಾಗ ಹುಡುಗನ ಸೋದರಮಾವ ‘ಫೋಟೊದಲ್ಲಿ ಬೆಳ್ಳಗಿದ್ದಾಳೆ, ಅಲ್ವಾ’ ಅಂದರು. ಅವರು ಹೋದ ಮೇಲೆ ಅಮ್ಮ ಅಕ್ಕನಿಗೇ ಬೈದರು, ‘ಅಷ್ಟೊಂದು ಪೌಡರ್ ಯಾಕೆ ಬಳ್ಕೊಂಡೆ?’ ಅಂತ. ಇನ್ನೆರಡು ಮನೆಯವರೂ ಬಂದು ಹೋದರು. ಕೊಟ್ಟ ಫೋಟೊ ವಾಪಸ್ ಕೇಳುವ ಧೈರ್ಯ ನಮಗಿರಲಿಲ್ಲ. ಅವು ಈಗ ಯಾರ ಯಾರ ಬೀರುವಿನಲ್ಲಿವೆಯೋ.

ಕಲರ್ ಬಂದಾಗಲೂ ಕೆನ್ನೆಯ ತಕರಾರು ಮುಗಿಯಲಿಲ್ಲ. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಲ್ಯಾಬ್‌ಗಳಿಗೆ ಒಂದು ಮಾದರಿ ಕಾರ್ಡ್ ಕೊಡುತ್ತಿತ್ತು. ಅದರಲ್ಲೊಬ್ಬ ಬಿಳಿ ಹೆಂಗಸು. ಷರ್ಲಿ ಕಾರ್ಡ್ ಅಂತಲೇ ಹೆಸರು. ಅವಳ ಚರ್ಮ ಚೆನ್ನಾಗಿ ಬಂದರೆ ಬಣ್ಣ ಸರಿಯಿದೆ ಅಂತ ಅರ್ಥ. ಕಂದು ಬಣ್ಣ ಸರಿಯಾಗಿ ಮೂಡುತ್ತಿಲ್ಲ ಅಂತ ಚಾಕೊಲೆಟ್ ಮಾಡುವವರು, ಮರದ ಪೀಠೋಪಕರಣ ಮಾಡುವವರು ದೂರಿದ್ದೂ ಫಿಲ್ಮ್ ಸುಧಾರಿಸಲು ಒಂದು ಕಾರಣವಾಯಿತಂತೆ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಇದನ್ನೆಲ್ಲ ಬೇರೆ ಥರ ನೋಡಲು ಕಲಿಸಿದ್ದು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಚಿತ್ರಗಳು. 2000ದಿಂದ 2004ರವರೆಗೆ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ, ದಕ್ಷಿಣ ಭಾರತದ ಹೆಂಗಸರನ್ನು ತೋರಿಸುವ ಹಳೆಯ ಚಿತ್ರಗಳನ್ನು ಹೊಸದಾಗಿ ಕಟ್ಟಿ ತೆಗೆದರು. ಚಿತ್ರದೊಳಗಿನ ಹೆಣ್ಣಾಗಿ ತಾವೇ ನಿಂತರು. ಲ್ಯಾಂಪ್ರಿ ಮಾಡಿದಂಥ ಚೌಕಗಳ ಪರದೆಯ ಮುಂದೆ ಅಳತೆಗೆ ನಿಂತರು. ರವಿವರ್ಮನ ಲಕ್ಷ್ಮಿಯಾದರು. ಪತ್ರಿಕೆಯಲ್ಲಿ ಬಂದಿದ್ದ ಪೊಲೀಸ್ ಚಿತ್ರದ ಸರಗಳ್ಳಿಯೂ ಆದರು. ಇರುವುದು ಒಂದೇ ಮುಖ. ಲಕ್ಷ್ಮಿಯನ್ನು ನೋಡಿದಾಗ ಕೈ ಮುಗಿಯೋಣ ಅನ್ನಿಸಿತು. ಪುಟ ತಿರುಗಿಸಿ ಸರಗಳ್ಳಿಯನ್ನು ನೋಡಿದಾಗ ನನ್ನ ಕೈ ತಾನಾಗಿ ಕತ್ತಿನ ಸರಕ್ಕೆ ಹೋಯಿತು. ಅವರು ಏನೂ ಮಾಡಿರಲಿಲ್ಲ, ಸೀರೆ ಬದಲಾಯಿಸಿದ್ದರು ಅಷ್ಟೆ.

ಈಗ ಕಾನೂನು ಇದೆ. ಒಪ್ಪಿಗೆಯಿಲ್ಲದೆ ಹೆಣ್ಣಿನ ಖಾಸಗಿ ಗಳಿಗೆಯ ಚಿತ್ರ ತೆಗೆಯುವುದು, ಹಂಚುವುದು 2013ರಿಂದ ಪ್ರತ್ಯೇಕ ಅಪರಾಧ. 2024ರ ಜುಲೈನಿಂದ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್. ಮೊದಲ ಸಲಕ್ಕೆ 1ರಿಂದ 3 ವರ್ಷ ಜೈಲು. ತೆಗೆಯಲು ಅವಳು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧವೇ. ಇನ್ನು 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೊಗೆ ಅಂಟಿಸಿ ಹರಿಬಿಟ್ಟಾಗ, ಫೋಟೊಗೆ ನಿಲ್ಲಲೇಬೇಕು ಅಂತಲೂ ಇಲ್ಲ ಅನ್ನುವುದು ಎಲ್ಲರಿಗೂ ತಿಳಿಯಿತು. ಇಷ್ಟಾದರೂ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ ‘ನೀನ್ಯಾಕೆ ಫೋಟೊ ಹಾಕ್ದೆ?’ ಅಂತಲೇ.

ಹೋದ ವರ್ಷ ಅಮ್ಮನ ಟ್ರಂಕಿನಲ್ಲಿ ಅಕ್ಕನ ಆ ನೆಗೆಟಿವ್ ಸಿಕ್ಕಿತು. ಜಾಸ್ತಿ ಕಾಪಿ ಬೇಕಾದೀತು ಅಂತ ಅಪ್ಪ ಕೇಳಿ ತಂದಿದ್ದರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೆನ್ನೆಯ ಮೇಲೆ ಪೆನ್ಸಿಲ್ ಗೀರುಗಳು ಈಗಲೂ ಹೊಳೆಯುತ್ತವೆ. ಅಕ್ಕನಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: ‘ಹಾಗಾದ್ರೆ ಅವತ್ತು ಪೌಡರ್ ಜಾಸ್ತಿ ಆಗಿರ್ಲಿಲ್ವಾ?’