ಡ್ರೋನ್ ಕೊಳ್ಳುವಾಗ ಪಿಕ್ಸೆಲ್ ಬಿಡಿ, ಕ್ಯಾಮೆರಾದ ಕತ್ತು ನೋಡಿ

ನಾನು ಮೊದಲ ಡ್ರೋನ್ ಕೊಂಡಾಗ ಅದರ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ '4ಕೆ' ಎಂದು ಬರೆದಿತ್ತು. ನಾನು ನೋಡಿದ್ದು ಅದೊಂದನ್ನೇ. ಕತ್ತಲಿರುವಾಗಲೇ ಬೆಟ್ಟ ಹತ್ತಿ, ಸೂರ್ಯ ಮೂಡುವ ಹೊತ್ತಿಗೆ ಸರಿಯಾಗಿ ಅದನ್ನು ಹಾರಿಸಿದೆ. ಕೆಳಗೆ ಮೋಡ, ಪಕ್ಕದಲ್ಲಿ ಬಂಡೆ, ಎದುರಿಗೆ ಕೆಂಪಾದ ಆಕಾಶ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ದಿಗಂತ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬಂಡೆಯ ಅಂಚುಗಳು ನೀರಿನೊಳಗೆ ಇರುವಂತೆ ನಡುಗುತ್ತಿದ್ದವು. ಅಷ್ಟು ಹೊತ್ತಿನ ವಿಡಿಯೊದಲ್ಲಿ ಐದು ಸೆಕೆಂಡ್ ಕೂಡ ನೋಡುವ ಹಾಗಿರಲಿಲ್ಲ. ಆ ಬೆಳಗು ಮತ್ತೆ ಸಿಗಲಿಲ್ಲ.

ಅದಕ್ಕೇ, ಚಾರಣಕ್ಕೆ ಒಯ್ಯಲು ಕಡಿಮೆ ಬೆಲೆಯ ಡ್ರೋನ್ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಕ್ಯಾಮೆರಾ ಮೂರು ಅಕ್ಷದ ಗಿಂಬಲ್ ಮೇಲೆ, ಅಂದರೆ ಡ್ರೋನ್‌ನ ಮೈ ಅಲುಗಿದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರುಗಳ ಮೇಲೆ, ಕೂತಿದೆಯಾ, ಇಲ್ಲವಾ? ಉಳಿದದ್ದೆಲ್ಲ ಆಮೇಲೆ.

ಒಳ್ಳೆಯ ಡ್ರೋನ್ ಗಾಳಿಯಲ್ಲಿ ಅಲ್ಲಾಡದೆ ನಿಲ್ಲುತ್ತದೆ, ಜಿಪಿಎಸ್ ಇದ್ದರೆ ಸಾಕು ಎಂದು ತುಂಬಾ ಜನ ನಂಬಿದ್ದಾರೆ. ಇದು ಪೂರ್ತಿ ತಪ್ಪು. ಡ್ರೋನ್‌ನ ನಾಲ್ಕೂ ಪ್ರೊಪೆಲ್ಲರ್‌ಗಳು ಗಾಳಿಯನ್ನು ಅದರ ಹೊಟ್ಟೆಯ ಕಡೆಗಷ್ಟೇ ತಳ್ಳಬಲ್ಲವು. ಮುಂದಕ್ಕೆ ತಳ್ಳಲು ಬೇರೆ ರೆಕ್ಕೆ ಇಲ್ಲ, ಚಕ್ರ ಇಲ್ಲ. ಆದ್ದರಿಂದ ಮುಂದೆ ಹೋಗಬೇಕಾದರೆ ಮೈಯನ್ನೇ ಮುಂದಕ್ಕೆ ಬಾಗಿಸಬೇಕು. ಇದ್ದಲ್ಲೇ ಇರುವಾಗಲೂ ಅಷ್ಟೇ. ಎದುರಿನಿಂದ ಗಾಳಿ ಬಂದರೆ ಗಾಳಿಯತ್ತ ವಾಲಬೇಕು, ನಿಂತರೆ ನೆಟ್ಟಗಾಗಬೇಕು. ತುಂಬಿ ಹರಿಯುವ ಹೊಳೆ ದಾಟುವವನು ಹರಿವಿಗೆ ಎದುರಾಗಿ ವಾಲುತ್ತಾನಲ್ಲ, ಹಾಗೆ. ಹಗ್ಗ ಜಗ್ಗುವವರು ಹಿಂದಕ್ಕೆ ವಾಲಿ, ಎದುರಿನವರು ಸಡಿಲ ಬಿಟ್ಟೊಡನೆ ಸರಿಯಾಗಿ ನಿಲ್ಲುತ್ತಾರಲ್ಲ, ಹಾಗೆ. ಬೆಟ್ಟದ ಮೇಲಿನ ಗಾಳಿಯಂತೂ ಒಂದೇ ಸಮನೆ ಬೀಸುವುದಿಲ್ಲ. ಹಾಗಾಗಿ ಜಾಗ ಬಿಟ್ಟು ಕದಲದಿರಬೇಕಾದರೆ ಡ್ರೋನ್‌ನ ಮೈ ಸದಾ ಕದಲುತ್ತಲೇ ಇರಬೇಕು. ಇದು ನನಗೆ ಅರ್ಥವಾದ ದಿನ ತುಂಬಾ ಖುಷಿಯಾಗಿತ್ತು. ಜಿಪಿಎಸ್ ಕಾಯುವುದು ಜಾಗವನ್ನು ಮಾತ್ರ. ಕ್ಯಾಮೆರಾ ನೋಡುವ ದಿಕ್ಕು ಅದರ ಕೈಯಲ್ಲಿಲ್ಲ.

ಈ ಕದಲಿಕೆ ಎಷ್ಟು ಕೆಡಿಸುತ್ತದೆ? ಲೆಕ್ಕ ಸುಲಭ. 4ಕೆ ಚಿತ್ರ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಪಿಕ್ಸೆಲ್. ಸಾಮಾನ್ಯವಾಗಿ ಇಂಥ ಕ್ಯಾಮೆರಾ ಅಡ್ಡಕ್ಕೆ ಸುಮಾರು 70 ಡಿಗ್ರಿ ಅಗಲದ ನೋಟ ಹಿಡಿಯುತ್ತದೆ. ಅಲ್ಲಿಗೆ ಒಂದು ಡಿಗ್ರಿಗೆ ಸುಮಾರು 55 ಪಿಕ್ಸೆಲ್. ಈಗ ಗಾಳಿ ಒಮ್ಮೆ ರಪ್ಪನೆ ಬಡಿಯಿತು, ಡ್ರೋನ್ ಸೆಕೆಂಡಿಗೆ 30 ಡಿಗ್ರಿ ವೇಗದಲ್ಲಿ ಮೂಗು ತಗ್ಗಿಸಿತು ಎನ್ನೋಣ. ಮುಂಜಾವಿನ ಮಂದ ಬೆಳಕಿನಲ್ಲಿ ಒಂದು ಫ್ರೇಮ್ ಹಿಡಿಯಲು ಸೆಕೆಂಡಿನ ಅರವತ್ತನೇ ಒಂದು ಭಾಗ ಬೇಕಾದೀತು. ಅಷ್ಟರಲ್ಲಿ ಕ್ಯಾಮೆರಾ ಅರ್ಧ ಡಿಗ್ರಿ ಬಾಗಿರುತ್ತದೆ. ಚುಕ್ಕೆಯಾಗಿ ಬೀಳಬೇಕಾದದ್ದು 27 ಪಿಕ್ಸೆಲ್ ಉದ್ದದ ಗೆರೆಯಾಗಿ ಬೀಳುತ್ತದೆ. 2160ನ್ನು 27ರಿಂದ ಭಾಗಿಸಿ ನೋಡಿ, 80 ಬರುತ್ತದೆ. ಡಬ್ಬದ ಮೇಲೆ 2160 ಇತ್ತು, ಕೈಗೆ ಸಿಕ್ಕಿದ್ದು 80! ಕ್ಯಾಮೆರಾ ಅಲುಗಾಡುತ್ತಿದ್ದರೆ ಪಿಕ್ಸೆಲ್ ಜಾಸ್ತಿ ಇದ್ದೂ ಏನು ಬಂತು? ನಡುಗುವ ಕೈಗೆ ಸಣ್ಣ ಮೊನೆಯ ಪೆನ್ನು ಕೊಟ್ಟ ಹಾಗಾಯಿತು.

'ಅದನ್ನು ಸಾಫ್ಟ್‌ವೇರ್ ಸರಿ ಮಾಡುತ್ತದೆ' ಎಂಬ ಮಾತೂ ಕೇಳಿಬರುತ್ತದೆ. ಸ್ವಲ್ಪ ಮಾಡುತ್ತದೆ. ಚಿತ್ರದ ಅಂಚು ಕತ್ತರಿಸಿ, ಉಳಿದದ್ದನ್ನು ಫ್ರೇಮಿನಿಂದ ಫ್ರೇಮಿಗೆ ಸರಿಸಿ ದಿಗಂತವನ್ನು ನೆಟ್ಟಗೆ ಕೂರಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಶಟರ್ ಕ್ಷಣಮಾತ್ರ ತೆರೆಯುವುದರಿಂದ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಫ್ರೇಮ್ ಹಿಡಿಯುವಾಗಲೇ ಉಜ್ಜಿಹೋದ ಚುಕ್ಕೆಯನ್ನು ಮತ್ತೆ ಚುಕ್ಕೆ ಮಾಡಲು ಅದಕ್ಕೆ ಬರುವುದಿಲ್ಲ. ಚಾರಣಿಗರು ಡ್ರೋನ್ ಎತ್ತುವುದು ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆ. ಬೆಳಕು ಕಡಿಮೆ ಇರುವ ಹೊತ್ತು ಅದೇ.

ಈಗ ಒಂದು ಸಣ್ಣ ಪ್ರಯೋಗ ಮಾಡಿ. ಈ ಸಾಲನ್ನು ಓದುತ್ತಲೇ ತಲೆಯನ್ನು ಬೇಗ ಬೇಗ ಆಚೆ ಈಚೆ ಆಡಿಸಿ. ಓದಲು ಆಗುತ್ತದೆ, ಅಲ್ವಾ? ಇನ್ನು ತಲೆ ಅಲುಗದಂತೆ ಇಟ್ಟು ಫೋನನ್ನು ಅದೇ ವೇಗದಲ್ಲಿ ಅಲ್ಲಾಡಿಸಿ. ಅಕ್ಷರ ಕಲಸಿಹೋಯಿತು. ಅಲುಗಾಟ ಎರಡು ಸಲವೂ ಅಷ್ಟೇ ಇತ್ತು. ಆದರೆ ತಲೆ ತಿರುಗಿದಾಗ ಕಿವಿಯ ಒಳಗಿನ ಮೂರು ಅರ್ಧವೃತ್ತದ ನಾಳಗಳಲ್ಲಿ ದ್ರವ ಹಿಂದೆ ಬೀಳುತ್ತದೆ. ಬಿಂದಿಗೆಯನ್ನು ಗಿರ್ರನೆ ತಿರುಗಿಸಿದರೆ ಒಳಗಿನ ನೀರು ತಡವಾಗಿ ತಿರುಗುವ ಹಾಗೆ. ನಾಳದ ನರ ಅದನ್ನು ಗುರುತಿಸಿ, ತಲೆ ಎಡಕ್ಕೆ ಎಷ್ಟು ಹೋಯಿತೋ ಕಣ್ಣನ್ನು ಬಲಕ್ಕೆ ಅಷ್ಟೇ ತಿರುಗಿಸುತ್ತದೆ. ನಾಳಗಳು ಮೂರೇ ಏಕೆ? ತಲೆ ಹೌದು ಎನ್ನುವ ಹಾಗೆ ಬಾಗಬಲ್ಲದು, ಇಲ್ಲ ಎನ್ನುವ ಹಾಗೆ ತಿರುಗಬಲ್ಲದು, ಭುಜದ ಕಡೆ ವಾಲಬಲ್ಲದು. ಯಾವ ತಿರುಗಾಟವಾದರೂ ಈ ಮೂರರ ಬೆರಕೆ. ಮೂರು ಅಕ್ಷದ ಗಿಂಬಲ್ ಎನ್ನುವಾಗಿನ ಮೂರು ಬಂದದ್ದೂ ಇಲ್ಲಿಂದಲೇ. ಕೋಳಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಮೈ ಆಡುತ್ತದೆ, ತಲೆ ಮಾತ್ರ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತದೆ. ಕೋಳಿಯ ಕಣ್ಣು ನಮ್ಮ ಕಣ್ಣಿನಷ್ಟು ಹೊರಳುವುದಿಲ್ಲ. ಆ ಕೆಲಸವನ್ನು ಕತ್ತು ಮಾಡುತ್ತದೆ. ಗಿಂಬಲ್ ಅಂದರೆ ಡ್ರೋನ್‌ಗೆ ಕೋಳಿಯ ಕತ್ತು.

ನೊಣದ್ದು ಇನ್ನೂ ಸೊಗಸು. ನೊಣಕ್ಕೆ ಹಿಂದಿನ ಎರಡು ರೆಕ್ಕೆಗಳಿಲ್ಲ. ಅವುಗಳ ಜಾಗದಲ್ಲಿ ಡೋಲಿನ ಕೋಲಿನಂಥ ಎರಡು ಪುಟ್ಟ ಗುಬುಟುಗಳಿವೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಡರ್ಹಮ್ 1714ರಲ್ಲೇ ಇವನ್ನು ತೆಗೆದರೆ ನೊಣ ಹಾರಲಾರದು ಎಂದು ಕಂಡಿದ್ದ. ಏಕೆ ಎಂದು ಆಗ ಗೊತ್ತಾಗುವ ಹಾಗಿರಲಿಲ್ಲ. ಅದಕ್ಕೆ ಬೇಕಾದ ಸೂತ್ರ ಸಿಕ್ಕಿದ್ದು 1835ರಲ್ಲಿ, ಫ್ರಾನ್ಸಿನ ಗ್ಯಾಸ್ಪಾರ್ ಗುಸ್ತಾವ್ ಕೊರಿಯೋಲಿಸ್‌ನಿಂದ. ಅವನ ತಲೆಯಲ್ಲಿದ್ದದ್ದು ನೊಣವಲ್ಲ, ನೀರಿನ ಚಕ್ರದಂಥ ತಿರುಗುವ ಯಂತ್ರಗಳು. ತಿರುಗುವ ತಟ್ಟೆಯ ಮೇಲೆ ನಡುವಿನಿಂದ ಅಂಚಿಗೆ ನೇರ ನಡೆದು ನೋಡಿ. ಯಾರೋ ಪಕ್ಕಕ್ಕೆ ತಳ್ಳಿದಂತಾಗುತ್ತದೆ. ಆ ತಳ್ಳುವಿಕೆಗೇ ಅವನ ಹೆಸರು. ನೊಣದ ಗುಬುಟು ಬಿಡದೆ ಮೇಲೆ ಕೆಳಗೆ ಬಡಿಯುತ್ತಿರುತ್ತದೆ. ನೊಣ ತಿರುಗಿದರೆ ಗುಬುಟು ಒಂದಿಷ್ಟು ಪಕ್ಕಕ್ಕೆ ತಳ್ಳಲ್ಪಡುತ್ತದೆ. ಬುಡದ ನರಗಳು ಅದನ್ನು ಗುರುತಿಸುತ್ತವೆ.

ಡ್ರೋನ್ ಒಳಗೆ ತಿರುಗಾಟವನ್ನು ಅಳೆಯುವ ಜೈರೊಸ್ಕೋಪ್ ಚಿಪ್ ಮಾಡುವುದೂ ಇದನ್ನೇ. 1852ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಿಯಾನ್ ಫೂಕೊ ಜೈರೊಸ್ಕೋಪ್ ಎಂದು ಹೆಸರಿಟ್ಟದ್ದು ಭಾರದ ಗಾಲಿ ಗರಗರ ತಿರುಗುವ ಉಪಕರಣಕ್ಕೆ. ಈ ಚಿಪ್‌ನಲ್ಲಿ ಗಾಲಿ ಇಲ್ಲ. ಕೂದಲೆಳೆಗಿಂತ ತೆಳುವಾದ ಸಿಲಿಕಾನ್ ಸ್ಪ್ರಿಂಗ್‌ಗಳಿಗೆ ನೇತುಬಿದ್ದ ಸಿಲಿಕಾನ್ ಕಣವೊಂದು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ತುಯ್ಯುತ್ತಿರುತ್ತದೆ. ಡ್ರೋನ್ ತಿರುಗಿದರೆ ಕಣ ಪಕ್ಕಕ್ಕೆ ಸರಿಯುತ್ತದೆ. ಸರಿಯುವುದು ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ ಇರಬಹುದು. ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿಟ್ಟಂತೆ ಅಲ್ಲಿ ಹಲ್ಲುಗಳಿವೆ. ಅವುಗಳ ನಡುವಿನ ಸಂದು ಬದಲಾದಾಗ ವಿದ್ಯುತ್ ಲೆಕ್ಕ ಬದಲಾಗುತ್ತದೆ, ತಿರುಗಿದ್ದು ಎಷ್ಟು ಎಂದು ತಿಳಿಯುತ್ತದೆ. ಕೂಡಲೇ ಗಿಂಬಲ್‌ನ ಮೂರು ಪುಟ್ಟ ಮೋಟಾರುಗಳು ಕ್ಯಾಮೆರಾವನ್ನು ಅಷ್ಟೇ ಹಿಂದಕ್ಕೆ ತಿರುಗಿಸುತ್ತವೆ. ಒಂದು ಸೆಕೆಂಡಿನಲ್ಲಿ ಇದು ನೂರಾರು ಸಲ ನಡೆಯುತ್ತದೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತುವಿನಲ್ಲಿ ನೊಣದ ಗುಬುಟೂ ಇದೆ, ಕೋಳಿಯ ಕತ್ತೂ ಇದೆ. 4ಕೆ ಅನ್ನುವುದಕ್ಕಿಂತ ಇದು ಎಷ್ಟೋ ದೊಡ್ಡ ಅಚ್ಚರಿ. ಡಬ್ಬದ ಮೇಲೆ ಇದನ್ನೇ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

2019ರಲ್ಲಿ ಬಂದ ಡಿಜೆಐ ಕಂಪನಿಯ ಮ್ಯಾವಿಕ್ ಮಿನಿ ಹಿಡಿಯುತ್ತಿದ್ದದ್ದು 2.7ಕೆ ವಿಡಿಯೊ ಮಾತ್ರ. ಆದರೆ ಮೂರು ಅಕ್ಷದ ಗಿಂಬಲ್ ಇತ್ತು. ಅಂಥ ಹಳೆಯ ಡ್ರೋನ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೂ, ಕ್ಯಾಮೆರಾ ಮೈಗೆ ಅಂಟಿಕೊಂಡ ಹೊಸ '4ಕೆ' ಆಟಿಕೆಗಿಂತ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಮ್ಯಾವಿಕ್ ಮಿನಿಯ ತೂಕ 249 ಗ್ರಾಂ. ಆ ಅಂಕಿ ಸುಮ್ನೆ ಬಂದದ್ದಲ್ಲ. ಹಲವು ದೇಶಗಳ ನಿಯಮಗಳಲ್ಲಿ 250 ಗ್ರಾಂ ಒಂದು ಗೆರೆ. ಅದಕ್ಕಿಂತ ಹಗುರವಾದರೆ ಕಟ್ಟುಪಾಡು ಕಡಿಮೆ. ಭಾರ ಏರಿದಷ್ಟೂ ತಲೆಯ ಮೇಲೆ ಬಿದ್ದಾಗಿನ ಅಪಾಯವೂ ಏರುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಇದೇ ಡ್ರೋನ್‌ಗಳು ಗೆರೆ ದಾಟಬಹುದು. ಹೋಗುವ ಜಾಗದ ನಿಯಮ ಮೊದಲೇ ನೋಡಿಕೊಳ್ಳಿ, ಹಗುರವಾದರೂ ಹಾರಿಸಬಾರದ ಕಾಡುಗಳು ಎಷ್ಟೋ ಇವೆ.

ಆಕಾಶದಿಂದ ಚಿತ್ರ ತೆಗೆಯುವವರಿಗೆ ತೂಕದ ಚಿಂತೆ ಮೊದಲಿನಿಂದಲೂ ಇದ್ದದ್ದೇ. 1858ರಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ನಡಾರ್ ಬಲೂನಿನಲ್ಲಿ ಮೇಲೇರಿ ಮೊದಲ ವೈಮಾನಿಕ ಚಿತ್ರ ತೆಗೆದಾಗ, ಚಿತ್ರ ಮೂಡುವ ಗಾಜಿನ ಫಲಕ ತೊಳೆಯುವ ಕತ್ತಲೆಕೋಣೆಯನ್ನೂ ಬುಟ್ಟಿಯಲ್ಲೇ ಒಯ್ಯಬೇಕಾಗಿತ್ತು. ಅರ್ಧ ಶತಮಾನದ ನಂತರ ಜರ್ಮನಿಯ ಔಷಧ ವ್ಯಾಪಾರಿ ಯೂಲಿಯಸ್ ನಾಯ್‌ಬ್ರೋನರ್ ಪಾರಿವಾಳದ ಎದೆಗೆ ಕ್ಯಾಮೆರಾ ಕಟ್ಟಿದ. ಅವನ ಕ್ಯಾಮೆರಾಗಳ ತೂಕ 75 ಗ್ರಾಂ ಮೀರುವಂತಿರಲಿಲ್ಲ. ಅವುಗಳಿಗೆ ಗಿಂಬಲ್ ಇರಲಿಲ್ಲ. ಕೆಲವು ಚಿತ್ರಗಳ ಅಂಚಿನಲ್ಲಿ ಪಾರಿವಾಳದ ರೆಕ್ಕೆ ತುದಿಗಳು ಕಾಣುತ್ತವೆ.

ಹಗುರವಾದದ್ದಕ್ಕೆ ಗಾಳಿಯ ಹೆದರಿಕೆ ಜಾಸ್ತಿ. ಚಾರಣದಲ್ಲಿ ಡ್ರೋನ್ ಕಳೆದುಕೊಳ್ಳುವ ದಾರಿಯನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಡ್ರೋನ್‌ನ ವೇಗ ಸೆಕೆಂಡಿಗೆ 10 ಮೀಟರ್, ಗಾಳಿಯದ್ದು 7. ಗಾಳಿಯ ಜೊತೆ ಹೋದರೆ 17 ಮೀಟರ್ ವೇಗ. ಒಂದು ಕಿಲೋಮೀಟರ್ ದೂರಕ್ಕೆ ಒಂದು ನಿಮಿಷ ಸಾಕು. ವಾಪಸ್ ಬರುವಾಗ ಉಳಿಯುವುದು 3 ಮೀಟರ್. ಅದೇ ದಾರಿಗೆ ಐದೂವರೆ ನಿಮಿಷ. ಆದ್ದರಿಂದ ಮೊದಲು ಗಾಳಿಗೆ ಎದುರಾಗಿ ಹಾರಿಸಿ, ಬ್ಯಾಟರಿ ಇಳಿದಾಗ ಗಾಳಿಯೇ ಅದನ್ನು ನಿಮ್ಮತ್ತ ತರಲಿ. ಕೊಳ್ಳುವಾಗ ನೋಡಬೇಕಾದದ್ದು ಸೆಕೆಂಡಿಗೆ ಎಷ್ಟು ಮೀಟರ್ ಗಾಳಿಯನ್ನು ತಡೆದೀತು ಎಂಬುದು. 8 ಮೀಟರಿಗಿಂತ ಕಡಿಮೆ ಹೇಳಿದರೆ, ಅಥವಾ ಏನೂ ಹೇಳದಿದ್ದರೆ, ಬೆಟ್ಟಕ್ಕೆ ಅದು ಬೇಡ. ಬ್ರಶ್‌ಲೆಸ್ ಅಲ್ಲದ, ಅಂದರೆ ಒಳಗೆ ಬ್ರಶ್ ಉಜ್ಜುತ್ತಿರುವ ಮೋಟಾರ್ ಇದ್ದರೂ ಬೇಡ, ಅವು ಬೇಗ ಸವೆಯುತ್ತವೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ 1.225 ಕಿಲೊ ತೂಗಿದರೆ, 4000 ಮೀಟರ್ ಎತ್ತರದಲ್ಲಿ ಸುಮಾರು 0.82 ಕಿಲೊ. ಅಷ್ಟೇ ಭಾರ ಎತ್ತಲು ಪ್ರೊಪೆಲ್ಲರ್ ಸುಮಾರು ಶೇಕಡಾ 22ರಷ್ಟು ಜೋರಾಗಿ ತಿರುಗಬೇಕು, ಬ್ಯಾಟರಿ ಅಷ್ಟೇ ಬೇಗ ಖಾಲಿಯಾಗುತ್ತದೆ. ಚಳಿ ಬೇರೆ. ತಣ್ಣಗಾದ ಲಿಥಿಯಂ ಬ್ಯಾಟರಿಯೊಳಗೆ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಮೋಟಾರ್ ಜೋರಾಗಿ ಎಳೆದಾಗ ವೋಲ್ಟೇಜ್ ಥಟ್ಟನೆ ಕುಸಿಯುತ್ತದೆ. ಹಾರಿಸುವ ತನಕ ಬ್ಯಾಟರಿ ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ತಾಗಿಕೊಂಡಿರಲಿ. 30 ನಿಮಿಷ ಎಂದು ಬರೆದದ್ದನ್ನು ಬೆಟ್ಟದ ಮೇಲೆ 20 ಎಂದೇ ಓದಿಕೊಳ್ಳಿ, ಇನ್ನೊಂದು ಬ್ಯಾಟರಿಗೆ ದುಡ್ಡು ತೆಗೆದಿಡಿ. ವಿಮಾನದಲ್ಲಿ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು.

ಒತ್ತಿದರೆ ಡ್ರೋನ್ ತಾನಾಗಿ ಮರಳಿ ಬರುವ ಗುಂಡಿಯ ಮೇಲೂ ಕುರುಡು ನಂಬಿಕೆ ಬೇಡ. ಪರದೆಯ ಮೇಲೆ 60 ಮೀಟರ್ ಎಂದು ಕಂಡರೆ ಅದು ಹಾರಿಸಿದ ಜಾಗದಿಂದ ಲೆಕ್ಕ, ಕೆಳಗಿನ ನೆಲದಿಂದ ಅಲ್ಲ. ನೀವು ಕಣಿವೆಯಲ್ಲಿ ನಿಂತಿದ್ದು, ನಡುವೆ 80 ಮೀಟರಿನ ದಿಬ್ಬ ಇದ್ದರೆ, ಎದುರಿನದನ್ನು ನೋಡುವ ಸೆನ್ಸರ್ ಇಲ್ಲದ ಅಗ್ಗದ ಡ್ರೋನ್ ನೇರ ಹೋಗಿ ದಿಬ್ಬಕ್ಕೇ ಬಡಿಯುತ್ತದೆ. ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರ, ಬಂಡೆಗಿಂತ ಮೇಲಿಟ್ಟೇ ಹಾರಿಸಿ.

ಇನ್ನು ಕ್ಯಾಮೆರಾದ ಕತ್ತಿನ ವಿಷಯಕ್ಕೆ ವಾಪಸ್ ಬರುತ್ತೇನೆ, ಏಕೆಂದರೆ ಮೋಸ ನಡೆಯುವುದು ಇಲ್ಲೇ. 'ರಿಮೋಟ್‌ನಿಂದ 90 ಡಿಗ್ರಿ ಬಾಗಿಸಬಲ್ಲ ಕ್ಯಾಮೆರಾ' ಎಂದಷ್ಟೇ ಬರೆದಿದ್ದರೆ ಅದು ಗಿಂಬಲ್ ಅಲ್ಲ. ಕೋನ ಬದಲಿಸುವ ಒಂದು ಮೋಟಾರ್ ಮಾತ್ರ ಅಲ್ಲಿದೆ, ಅಲುಗಾಟ ಗೊತ್ತಾಗುವ ನರ ಇಲ್ಲ. ಎರಡು ಅಕ್ಷದ್ದಾದರೆ ದಿಗಂತ ನೆಟ್ಟಗಿರುತ್ತದೆ, ಪಕ್ಕಕ್ಕೆ ಜಗ್ಗುವುದು ಹಾಗೇ ಉಳಿಯುತ್ತದೆ. ಕೊಳ್ಳುವ ಮೊದಲು ಹೀಗೆ ಮಾಡಿ. ಪ್ರೊಪೆಲ್ಲರ್ ಓಡಿಸದೆ ಡ್ರೋನ್ ಆನ್ ಮಾಡಲು ಹೇಳಿ. ಕ್ಯಾಮೆರಾ ಒಮ್ಮೆ ಆಚೆ ಈಚೆ ತಿರುಗಿ ಸ್ಥಿರವಾಗುವ ತನಕ ಕಾಯಿರಿ. ಆಮೇಲೆ ಡ್ರೋನನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ಬಾಗಿಸಿ, ಪಕ್ಕಕ್ಕೆ ವಾಲಿಸಿ, ಸ್ವಲ್ಪ ತಿರುಗಿಸಿ. ಮೈ ಹೇಗೆ ಆಡಿದರೂ ಲೆನ್ಸ್ ಎದುರಿನ ಗೋಡೆಯ ಅದೇ ಜಾಗವನ್ನು ನೋಡುತ್ತಿದ್ದರೆ, ಕೋಳಿಯ ಕತ್ತು ಇದೆ ಎಂದು ಅರ್ಥ.